ಏಳನೇ ಹೋಲಿನ ಬೆಂಚು

"ಏಳನೇ ಹೋಲ್‌ನಲ್ಲಿ... ಸ್ವಲ್ಪ ಹೊತ್ತು ಕೂತಿದ್ರಾ?"

ನಮಸ್ಕಾರ ಇಲ್ಲ, ಹೇಗಿದ್ದೀರಿ ಇಲ್ಲ. ಆಟಗಾರರ ಸಭೆಗೆ ಬಂದ ಇನ್ನೂರು ಜನ ಗಿಜಿಗುಡುತ್ತಿದ್ದ ಸಭಾಂಗಣದಲ್ಲಿ, ಕಾಗದದ ಲೋಟ ಹಿಡಿದು ಗೋಡೆಗೆ ಒರಗಿ ನಿಂತಿದ್ದ ಅವಳ ಎದುರು ಬಂದು ಅವನು ಆಡಿದ ಮೊದಲ ಮಾತೇ ಇದು.

ಅವಳು ತಲೆ ಎತ್ತಿದಳು. ಎತ್ತಿದಳು, ಎತ್ತುತ್ತಲೇ ಹೋದಳು. ಅಂಥ ಎತ್ತರದ ಆಸಾಮಿ. ಅವನ ಮುಖ ಸಿಗುವಷ್ಟರಲ್ಲಿ ಲೋಟದ ಕಾಫಿ ಅರ್ಧ ಆರಿಹೋಗಿತ್ತು. ಬೂದು ಬಣ್ಣದ ಕೆಲಸದ ಅಂಗಿ, ಜೇಬಿನ ಮೇಲೆ ಲಿಫ್ಟ್ ಕಂಪನಿಯ ಹೆಸರು, ಎಷ್ಟು ತೊಳೆದರೂ ಹೋಗದ ಗ್ರೀಸಿನ ಕರೆ ಹತ್ತಿದ ಬೆರಳು. ಕಣ್ಣು ಮಾತ್ರ ಪರೀಕ್ಷೆಯ ಫಲಿತಾಂಶ ಅಂಟಿಸಿದ ಹಲಗೆಯ ಮುಂದೆ ನಿಂತವರದು.

"ಯಾವ ಏಳನೇ ಹೋಲ್?"

"ಕಾಡಿನ ಮೈದಾನ... ಹೋದ ವಾರ ನೀವು ಅಂಕ ಕೊಟ್ರಲ್ಲ. ಆಟದಲ್ಲಿ ನನ್ನ ಹೆಸರು ಮರಕುಟಿಗ."

ಅವಳಿಗೆ ನೆನಪಾಯಿತು. ಹತ್ತಕ್ಕೆ ಮೂರು ಅಂಕ ಕೊಟ್ಟಿದ್ದಳು.

"ಕೂರೋದಾ? ಏನಿದೆ ಅಂತ ಕೂರೋದು? ಅಲ್ಲಿ ಏನೂ ಇಲ್ಲ."

"ಏನೂ... ಇಲ್ವಾ?"

"ಖಾಲಿ ಹುಲ್ಲು. ಬೇಜಾರು ಮಾಡ್ಕೋಬೇಡಿ, ಮೂರು ಸಲ ಆಡಿದೀನಿ. ಮೂರು ಸಲವೂ ಚೆಂಡು ಬರೀ ಗಾಳಿಗೆ ಬಡಿದು ವಾಪಸ್ ಬಂತು. ಮೊದಲು ಅದನ್ನ ಸರಿ ಮಾಡಿ."

 

"ನೀವೇ ಹೇಳಿದ ಮೇಲೆ ಆಯ್ತು ಬಿಡಿ," ಎಂದಷ್ಟೇ ಹೇಳಿ ಹೊರಟ. ಸಭಾಂಗಣದ ಬಾಗಿಲು ಅವನಿಗಿಂತ ಮೂರಡಿ ಎತ್ತರವಿತ್ತು. ಆದರೂ ತಲೆ ಬಗ್ಗಿಸಿಕೊಂಡೇ ದಾಟಿದ.

'ಇವರ್ಯಾಕೆ ಜಗಳ ಆಡಲಿಲ್ಲ?'

ಅವಳ ಎದೆಯಲ್ಲಿ ಸಣ್ಣದೊಂದು ನೂಲು ಎಲ್ಲೋ ಜಗ್ಗಿದಂತಾಯಿತು. ಕಾರಣ ಮಾತ್ರ ತಿಳಿಯಲಿಲ್ಲ.

ಇದುವರೆಗೆ ಅವಳ ಬಳಿ ಜಗಳ ಆಡದವರೇ ಇರಲಿಲ್ಲ. ಅದೊಂದು ಕಂಪ್ಯೂಟರಿನ ಗಾಲ್ಫ್ ಆಟ. ಅದರಲ್ಲಿ ಯಾರು ಬೇಕಾದರೂ ಕೂತಲ್ಲೇ ಗುಡ್ಡ ಎಬ್ಬಿಸಿ, ಕೆರೆ ತೋಡಿ, ಮರ ನೆಟ್ಟು, ಚೆಂಡು ಬೀಳಿಸುವ ಹದಿನೆಂಟು ಹೋಲುಗಳ ಸ್ವಂತ ಮೈದಾನ ಕಟ್ಟಿ ಊರಿಗೆಲ್ಲ ಆಡಲು ಬಿಡಬಹುದು. ಹಾಗೆ ಬಿಟ್ಟ ಮೈದಾನವನ್ನು ಮೂರು ಸಲ ಆಡಿ, ಒಳ್ಳೆಯದು ಕೆಟ್ಟದ್ದು ಬರೆದು, ಅಂಕ ಕೊಡುವವಳು ಅವಳು. ಸಂಬಳ ಕವಡೆ ಕಾಸೂ ಇಲ್ಲ. ಹೆದರಿಕೆ ಮಾತ್ರ ಭೂಮಂಡಲದ ತುಂಬ.

ಆಟದವರು ಅವಳಿಗೆ ಇಟ್ಟ ಹೆಸರು ಕತ್ತರಿ. ಎದುರಿಗೆ ಸಿಕ್ಕರೆ ಕತ್ತರಿಯಕ್ಕ. ಅವಳ ವಿಮರ್ಶೆ ಓದಿ ಮೂವರು ಗಾಲ್ಫ್ ಬಿಟ್ಟು ಚದುರಂಗಕ್ಕೆ ಸೇರಿಕೊಂಡರು. ನಾಲ್ಕನೆಯವನು ಮನಸ್ಸಿಗೆ ನೆಮ್ಮದಿ ಬೇಕೆಂದು ಮದುವೆಯಾದ. ಒಂದು ಹುಲ್ಲಿನ ಎಸಳು ಕೂದಲೆಳೆಯಷ್ಟು ವಾಲಿದ್ದರೂ ಅವಳ ಕಣ್ಣಿಗೆ ಬೀಳುತ್ತದೆ ಎಂದು ಎಲ್ಲರೂ ನಂಬಿದ್ದರು. ಅವಳೂ ನಂಬಿದ್ದಳು. ಗ್ರಹಚಾರ ಇದ್ದದ್ದು ಅಲ್ಲೇ.

ಹಗಲು ಅವಳ ಕೆಲಸ ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ. ಗಾಜು ಉಜ್ಜುವುದು, ಅಂಚು ಕೊರೆಯುವುದು, ಚೌಕಟ್ಟಿಗೆ ಕೂರಿಸುವುದು. ಅವಳಿಗಿಂತ ಮುಂಚೆ ಗಾಜು ಉಜ್ಜುವ ಅದೇ ಸಾಣೆಕಲ್ಲಿನ ಮುಂದೆ ಅಪ್ಪ ಇಪ್ಪತ್ತಾರು ವರ್ಷ ಕೂತಿದ್ದರು. ಊರಿನ ಅರ್ಧ ಜನ ಅವಳು ಉಜ್ಜಿದ ಗಾಜಿನಿಂದಲೇ ಲೋಕ ನೋಡುತ್ತಿದ್ದರು. ಅವರಲ್ಲಿ ಒಬ್ಬರೂ ಅವಳನ್ನು ನೋಡಿರಲಿಲ್ಲ. ಅವಳು ಇದ್ದದ್ದು ಪರದೆಯ ಆಚೆ.

ಸಂಜೆ ಮೂರನೇ ಮಹಡಿಯ ಒಂಟಿ ಕೋಣೆ. ಒಂದು ಮಂಚ, ಒಂದು ಲೋಟ, ಒಂದು ಟವೆಲ್, ಮತ್ತು ಅಪ್ಪನ ಕಂಪ್ಯೂಟರ್. ಅದನ್ನು ಕಂಪ್ಯೂಟರ್ ಎನ್ನುವುದು ನಮ್ಮ ದೊಡ್ಡ ಮನಸ್ಸು. ಸ್ವಿಚ್ ಒತ್ತಿ, ಬಟ್ಟೆ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಬಂದರೂ ಅದು ಇನ್ನೂ ಏಳಲೋ ಬೇಡವೋ ಎಂದು ಯೋಚಿಸುತ್ತಿರುತ್ತಿತ್ತು. ಅದರ ಫ್ಯಾನಿನ ಸದ್ದಿಗೆ ಕೆಳಗಿನ ಮನೆಯವರು ಮೇಲೆ ಹಿಟ್ಟಿನ ಗಿರಣಿ ಇದೆ ಎಂದೇ ತಿಳಿದಿದ್ದರು.

ಆಟ ಕಲಿಸಿದ್ದೂ ಅಪ್ಪನೇ. ಎಡಗೈಯ ಮಗಳಿಗಾಗಿ ಆಟದೊಳಗಿನ ಆಟಗಾರ್ತಿಯನ್ನೂ ಎಡಗೈಯವಳನ್ನಾಗಿ ಮಾಡಿಕೊಟ್ಟಿದ್ದರು. ಯಂತ್ರ ಮುದಿ ಎಂದು ಚಿತ್ರದ ಗುಣಮಟ್ಟವನ್ನು ತೀರ ಕೆಳಕ್ಕೆ ಇಳಿಸಿಟ್ಟವರೂ ಅವರೇ. ಮರಗಳು ಹಸಿರು ರಟ್ಟಿನಂತೆ ಕಂಡಾಗ ಅವಳು ಮುಖ ಸಿಂಡರಿಸಿದರೆ, "ಎಲೆ ಎಣಿಸೋಕೆ ಬಂದಿದೀವಾ ಮಗಳೇ? ಚೆಂಡು ನೋಡು," ಎನ್ನುತ್ತಿದ್ದರು.

ಅಪ್ಪ ಹೋಗಿ ಐದು ವರ್ಷ. ಅವರು ಇಟ್ಟುಹೋದದ್ದು ಯಾವುದನ್ನೂ ಅವಳು ಅಲ್ಲಾಡಿಸಿರಲಿಲ್ಲ, ಆ ಗುಣಮಟ್ಟವನ್ನೂ.

ಇನ್ನೊಂದು ಗುಟ್ಟಿತ್ತು. ಆಡುವವರು ಎಷ್ಟು ಜನ ಎಂದು ಆಟ ಕೇಳಿದಾಗ ಅವಳು ಇಂದಿಗೂ ಎರಡು ಎಂದೇ ಒತ್ತುತ್ತಿದ್ದಳು. ಒಂದನೆಯದು ಕತ್ತರಿ. ಎರಡನೆಯದು ಅಪ್ಪ. ತನ್ನ ಹೊಡೆತ ಹೊಡೆಯುವಳು. ಆಮೇಲೆ ಅಪ್ಪ ಗಂಟಲು ಸರಿಮಾಡಿಕೊಳ್ಳುವಷ್ಟು ಹೊತ್ತು ಸುಮ್ಮನೆ ಕಾಯುವಳು. ನಂತರ ಅಪ್ಪನ ಹೊಡೆತವನ್ನೂ ತಾನೇ ಹೊಡೆಯುವಳು.

ಐದು ವರ್ಷದಲ್ಲಿ ಅಪ್ಪ ಒಂದು ಆಟವನ್ನೂ ಸೋತಿರಲಿಲ್ಲ...

ಮರಕುಟಿಗನ ಕಾಡಿನ ಮೈದಾನವನ್ನೂ ಹೀಗೇ ಇಬ್ಬರಾಗಿ ಆಡಿದ್ದಳು. 'ಹೆಸರಿಗೆ ಕಾಡು. ಇರುವುದು ಬೋಳು ಗುಡ್ಡದ ಮೇಲೆ ಪೊರಕೆ ನೆಟ್ಟ ಹಾಗೆ. ಏಳನೇ ಹೋಲಿನ ಎಡಕ್ಕೆ ಕಾಣದ ಗೋಡೆ. ಇದನ್ನು ಯಾರಿಗಾಗಿ ಕಟ್ಟಿದ್ದಾರೋ ಕಟ್ಟಿದವರಿಗೇ ಗೊತ್ತಿಲ್ಲ. ಮೂರು ಅಂಕ,' ಎಂದು ಬರೆದು ಮುಗಿಸಿದ್ದಳು.

ಆಟಗಾರರ ಸಭೆ ಮುಗಿದು ಐದು ದಿನ ಕಳೆದವು. ಆ ಬಗ್ಗಿದ ಬೆನ್ನು ಅವಳ ಕಣ್ಣಿನಿಂದ ಹೋಗಲಿಲ್ಲ. ಗಾಜು ಉಜ್ಜುವಾಗ ಬಂತು. ಹಲ್ಲುಜ್ಜುವಾಗಲೂ ಬಂತು.

ಶುಕ್ರವಾರ ಸಂಜೆ ಆಟದ ಪುಟ ತೆರೆದಾಗ ಕಾಡಿನ ಮೈದಾನದ ಕೆಳಗೆ ಅವನ ಐದು ಸಾಲು ಇದ್ದವು.

'ಈ ಮೈದಾನ ಶನಿವಾರ ಸಂಜೆ ಐದು ಗಂಟೆಗೆ ಅಳಿಸಿಹೋಗುತ್ತದೆ. ಒಬ್ಬರಿಗಾಗಿ ಕಟ್ಟಿದ್ದು. ಅವರು ನೋಡಿ, ಏನೂ ಇಲ್ಲ ಎಂದರು. ಅವರ ಕಣ್ಣು ತಪ್ಪುವುದಿಲ್ಲ. ಇನ್ನು ಮೇಲೆ ನಾನು ಮೈದಾನ ಕಟ್ಟುವುದಿಲ್ಲ.'

ಅವಳ ಕಿವಿ ಬಿಸಿಯಾಯಿತು.

'ಏನೂ ಇಲ್ಲ ಅಂದವಳು ನಾನು. ಹಾಗಾದ್ರೆ ಆ ಒಬ್ಬರು...?'

ಅದರ ಕೆಳಗೆ ಯಾರೋ ಬರೆದಿದ್ದರು: 'ಏಳನೇ ಹೋಲಿನ ಬೆಂಚಿಗಾದ್ರೂ ಉಳಿಸಿ ಸ್ವಾಮಿ. ಆಟ ಬಿಟ್ಟು ಅಲ್ಲೇ ನಿಂತುಬಿಟ್ಟಿದ್ದೆ.'

ಬೆಂಚಾ? ಯಾವ ಬೆಂಚು?

ಕೂಡಲೇ ಏಳನೇ ಹೋಲ್ ತೆರೆದಳು. ಹುಲ್ಲು ಇತ್ತು, ಹಸಿರು ರಟ್ಟಿನ ಮರಗಳು ಇದ್ದವು. ಎಡಗಡೆ ಖಾಲಿ. ಚೆಂಡನ್ನು ಬೇಕೆಂದೇ ಅತ್ತ ಹೊಡೆದಳು. ಟಕ್ ಎಂದು ಗಾಳಿಗೆ ಬಡಿದು ಹಿಂದೆ ಬಂತು.

ಆ ಟಕ್ ಸದ್ದು ಮರದ್ದು. ಇಷ್ಟು ದಿನ ಅವಳು ಅದನ್ನು ಕೇಳಿಸಿಕೊಂಡೇ ಇರಲಿಲ್ಲ.

ಮರುದಿನ ಮಧ್ಯಾಹ್ನ, ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು. ಗಿರಾಕಿಯ ಮುಖದ ಚಿತ್ರಕ್ಕೆ ಬೇರೆ ಬೇರೆ ಕನ್ನಡಕ ಹಾಕಿ ತೋರಿಸಲೆಂದು ಯಜಮಾನರು ಹೊಸ ಕಂಪ್ಯೂಟರ್ ತಂದಿದ್ದರು. ಅದರ ಪರದೆ ಮದುವೆ ಮಂಟಪದಷ್ಟು ಅಗಲ. ಒತ್ತುವ ಮೊದಲೇ ತೆರೆದುಕೊಳ್ಳುವ ಚುರುಕು.

"ಯಜಮಾನ್ರೇ, ಒಂದು ಅರ್ಧ ಗಂಟೆ ಇದನ್ನ ಮುಟ್ಟಲಾ?"

"ಮುಟ್ಟಮ್ಮ. ಅದನ್ನ ಮುಟ್ಟೋಕೆ ನಂಗೇ ಭಯ. ನನ್ನ ಕನ್ನಡಕ ನೋಡಿದ್ಯಾ?"

"ಹಣೆ ಮೇಲಿದೆ."

ಆಟ ತೆರೆಯಿತು. ಚಿತ್ರದ ಗುಣಮಟ್ಟ ತೋರಿಸುವ ಗೆರೆ ತಾನಾಗಿಯೇ ತುತ್ತತುದಿಯಲ್ಲಿತ್ತು. ಅವಳು ಕಾಡಿನ ಮೈದಾನಕ್ಕೆ ಕಾಲಿಟ್ಟಳು...

ಅವಳ ಕೈ ಕೀಲಿಗಳ ಮೇಲೇ ನಿಂತುಹೋಯಿತು.

ಅದು ಕಾಡು. ಒಂದೊಂದು ಮರವೂ ಒಂದೊಂದು ಥರ. ಒಂದು ಬಾಗಿತ್ತು, ಒಂದಕ್ಕೆ ಟೊಂಗೆ ಮುರಿದಿತ್ತು, ಒಂದರ ಬುಡದಲ್ಲಿ ಪಾಚಿ. ನೆಲದ ತುಂಬ ಒಣಗಿದ ಎಲೆ. ಎಲೆಗಳ ನಡುವೆ ಓರೆಯಾಗಿ ಇಳಿದ ಸಂಜೆಯ ಬಿಸಿಲು ನೋಡಿ ಅಂಗಡಿಯ ಟ್ಯೂಬ್‌ಲೈಟೇ ನಾಚಿಕೊಂಡು ಒಂದು ಸಲ ಮಿಣುಕಿತು.

ಮೂರನೇ ಹೋಲಿನಲ್ಲಿ ಬಿಸಿಲು ಬೆನ್ನ ಹಿಂದಿನಿಂದ ಬರುತ್ತಿತ್ತು. ಅವಳಿಗೆ ತನ್ನದೇ ಹಳೆಯ ಸಾಲು ನೆನಪಾಯಿತು: 'ಎಲ್ಲರೂ ಸೂರ್ಯನನ್ನು ಕಣ್ಣಿಗೇ ಹೊಡೆಯುತ್ತಾರೆ. ಬೆನ್ನಿಗೆ ಬಿಸಿಲು ಕಾಯಿಸುವ ಒಂದು ಹೋಲ್ ಬೇಡವೇ?' ಐದರಲ್ಲಿ ಸಣ್ಣ ತೊರೆ, ಕಲ್ಲಿನ ಮೇಲೆ ಹರಿಯುವ ಸದ್ದು. 'ನೀರಿದೆ, ಸದ್ದಿಲ್ಲ. ಮೂಕ ನೀರು,' ಎಂದು ಇನ್ಯಾರದೋ ಮೈದಾನಕ್ಕೆ ಬರೆದಿದ್ದಳು.

ಐದು ವರ್ಷದಿಂದ ಅವಳು ಗೊಣಗಿದ್ದನ್ನೆಲ್ಲ ಯಾರೋ ಕೂತು ಕೇಳಿಸಿಕೊಂಡಿದ್ದರು.

ಏಳನೇ ಹೋಲ್ ಬಂತು. ಎಡಗಡೆ, ಅವಳ ಚೆಂಡು ಸದಾ ಹೋಗಿ ನಿಲ್ಲುವ ಜಾಗದಲ್ಲಿ, ಮರದ ಬೆಂಚು. ಅದರ ಬಲ ಅರ್ಧ ಸವೆದು ಹೊಳೆಯುತ್ತಿತ್ತು. ಎಡ ಅರ್ಧ ಹೊಚ್ಚಹೊಸದು. ಆ ಎಡ ಅರ್ಧದ ಒರಗುವ ಹಲಗೆಯ ಮೇಲೆ ಉಗುರಿನಷ್ಟು ಚಿಕ್ಕದಾಗಿ ಒಂದು ಕತ್ತರಿ ಕೆತ್ತಿತ್ತು.

ಯಜಮಾನರು ಅವಳ ಭುಜದ ಮೇಲಿಂದ ಇಣುಕಿದರು. ಕನ್ನಡಕದ ಸವೆತ ನೋಡಿಯೇ ಯಾರು ಯಾವ ಮಗ್ಗುಲಿಗೆ ಮಲಗುತ್ತಾರೆ ಎಂದು ಹೇಳಬಲ್ಲ ಮನುಷ್ಯ ಅವರು.

"ಪಾಪ, ಒಬ್ಬನೇ ಕೂತಿದಾನಲ್ಲಮ್ಮ."

"ಯಾರು ಯಜಮಾನ್ರೇ? ಬೆಂಚು ಖಾಲಿ ಇದೆ."

"ಸವೆದಿರೋದು ನೋಡು. ಒಬ್ಬನೇ ಇರೋನು ಬೆಂಚಿನ ನಡುವೆ ಕೂರ್ತಾನೆ. ಇವನು ದಿನಾ ಒಂದು ಪಕ್ಕಕ್ಕೆ ಸರಿದು ಕೂತಿದಾನೆ. ಯಾರೋ ಬರ್ತಾರೆ ಅಂತ ಜಾಗ ಬಿಟ್ಟಿದಾನೆ."



ಮೂರು ವರ್ಷದ ಹಿಂದೆ, ತುಂಬಾ ಖಾಲಿಯಾದ ಒಂದು ಭಾನುವಾರ, ವಿಮರ್ಶೆಯ ಕೊನೆಗೆ ಅವಳು ಸುಮ್ಮನೆ ಬರೆದಿದ್ದಳು: 'ಇಷ್ಟು ಮೈದಾನ ಆಡಿದೆ. ಎಲ್ಲೂ ಕೂರಲು ಒಂದು ಬೆಂಚಿಲ್ಲ. ಆಡುವವರ ಜೊತೆ ಯಾರೂ ಇರುವುದಿಲ್ಲ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದಾರೆ.'

ಯಾರೂ ಓದಿಲ್ಲ ಎಂದುಕೊಂಡಿದ್ದ ಸಾಲು ಅದು. ಓದಿದವನು ಇನ್ನೂರು ಜನರನ್ನು ದಾಟಿ ಬಂದು, ಕೂತಿದ್ರಾ ಎಂದು ಕೇಳಿದ್ದ. ಅವಳು, ಏನೂ ಇಲ್ಲ ಎಂದಿದ್ದಳು.

"ಅಳ್ತಿದೀಯಾ?"

"ಇಲ್ಲ. ಗಾಜಿನ ಪುಡಿ."

"ಇವತ್ತು ಬೆಳಗ್ಗೆಯಿಂದ ನೀನು ಕಲ್ಲಿನ ಹತ್ರವೇ ಹೋಗಿಲ್ಲ. ಯಾವ ಪುಡಿ?"

 ಗೋಡೆಯ ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಆಟದ ಪುಟದಲ್ಲಿ ಅವನಿಗೊಂದು ಸಂದೇಶ ಬರೆದು ಕಾದಳು, ಅದು ತೆರೆಯದೆ ಹಾಗೇ ಬಿದ್ದಿತ್ತು. ಪುಟದ ಕಡೆ ಅವನು ಬರುವುದನ್ನೇ ಬಿಟ್ಟಿದ್ದ.

ಮೊದಲು ಮಾಡಬೇಕಾದದ್ದನ್ನು ಮಾಡಿದಳು. ಊರೆಲ್ಲ ಹೆದರುವ ಕತ್ತರಿ, ಊರೆಲ್ಲ ಓದುವ ಪುಟದಲ್ಲಿ ಬರೆದಳು:

'ನನ್ನ ಕಂಪ್ಯೂಟರ್ ಹಳೆಯದು. ಚಿತ್ರದ ಗುಣಮಟ್ಟ ತಳದಲ್ಲಿತ್ತು. ಕಾಡಿನ ಮೈದಾನದಲ್ಲಿ ಅರ್ಧಕ್ಕರ್ಧ ನನಗೆ ಕಾಣಿಸಿಯೇ ಇರಲಿಲ್ಲ. ಕಾಣದೆಯೇ ಅಂಕ ಕೊಟ್ಟೆ. ಇದೊಂದೇ ಅಲ್ಲ, ಇದುವರೆಗೆ ಬರೆದ ನಲವತ್ತಾರು ಕಾಡು ಮೈದಾನಗಳ ವಿಮರ್ಶೆಯನ್ನೂ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಯಾರಿಗಾಗಿ ಕಟ್ಟಿದ್ದಾರೆ ಎಂದು ಕೇಳಿದ್ದೆ. ಗೊತ್ತಾಯಿತು.'

ಐದು ವರ್ಷದ ಹೆಸರು ಒಂದೇ ಗುಂಡಿ ಒತ್ತಿದ್ದಕ್ಕೆ ನೀರುಪಾಲಾಯಿತು. ವಿಚಿತ್ರವೆಂದರೆ ಅವಳಿಗೆ ಹಗುರ ಅನ್ನಿಸಿತು. ಮರುಕ್ಷಣವೇ ಭಯ.

'ಅವರು ಇದನ್ನ ಓದದೇ ಇದ್ರೆ?'

"ಯಜಮಾನ್ರೇ, ನಮ್ಮ ಕಟ್ಟಡದ ಲಿಫ್ಟು ಯಾವ ಕಂಪನಿದು?"

ಯಜಮಾನರು ಹೆಸರು ಹೇಳಿದರು. ಬೂದು ಅಂಗಿಯ ಜೇಬಿನ ಮೇಲಿದ್ದದ್ದು ಅದೇ ಹೆಸರು. ತಿಂಗಳಿಗೆ ನಲವತ್ತು ಸಲ ಕೆಡುವ ಲಿಫ್ಟಾದ್ದರಿಂದ ದೂರು ಕೊಡುವ ಫೋನ್ ನಂಬರ್ ಅವರಿಗೆ ಬಾಯಿಪಾಠ.

ಆ ಕಡೆಯಿಂದ ಒಂದು ಹೆಣ್ಣು ದನಿ ಗಿಣಿಪಾಠ ಒಪ್ಪಿಸಿತು.

"ನಮಸ್ಕಾರ. ಗಾಬರಿ ಆಗಬೇಡಿ. ಯಾವ ಮಹಡಿಲಿ ಸಿಕ್ಕಾಕೊಂಡಿದೀರ? ಒಳಗೆ ಎಷ್ಟು ಜನ?"

"ಒಬ್ಬಳೇ."

"ಎಷ್ಟು ಹೊತ್ತಿಂದ ಮೇಡಂ?"

"ಐದು ವರ್ಷದಿಂದ."

ಆ ಕಡೆ ಪೆನ್ನು ಬಿದ್ದ ಸದ್ದು.

"ಲಿಫ್ಟ್ ಚೆನ್ನಾಗಿದೆ ಮೇಡಂ," ಅವಳು ತೊದಲಿದಳು. "ನಂಗೆ ನಿಮ್ಮ ಕಂಪನಿಯ ಒಬ್ಬರು ಬೇಕು. ಹೆಸರು ಗೊತ್ತಿಲ್ಲ. ತುಂಬಾ ಎತ್ತರ. ಬಾಗಿಲು ಎತ್ತರ ಇದ್ರೂ ತಲೆ ಬಗ್ಗಿಸ್ತಾರೆ."

"ಓ, ಬಗ್ಗಣ್ಣನಾ?" ದನಿ ಗಿಣಿಪಾಠ ಬಿಟ್ಟು ಮನುಷ್ಯರ ಥರ ಆಯಿತು. "ಐದು ದಿನದಿಂದ ಊಟ ಸರಿಯಾಗಿ ಮಾಡ್ತಿಲ್ಲ ಅವರು. ಕೇಳಿದ್ರೆ ಕಾಡು ಕಡೀಬೇಕು ಅಂತಾರೆ. ನೀವು ಯಾರು?"

"ಕೊಡಲಿ ನಂದೇ... ದಯವಿಟ್ಟು ಅವರನ್ನ ಐದು ಗಂಟೆ ಒಳಗೆ ನಮ್ಮ ಕನ್ನಡಕದ ಅಂಗಡಿಗೆ ಕಳಿಸಿ."

ಆಮೇಲಿನ ಹೊತ್ತು ಸರಿದ ರೀತಿ ಕೇಳಬೇಡಿ. ಮೂರೂವರೆಯಿಂದ ನಾಲ್ಕಕ್ಕೆ ಬರಲು ಗಡಿಯಾರದ ಮುಳ್ಳು ಒಂದು ಇಡೀ ಋತು ತೆಗೆದುಕೊಂಡಿತು. ಅವಳು ಒಂದೇ ಗಾಜನ್ನು ಎಷ್ಟು ಉಜ್ಜಿದಳೆಂದರೆ ಅದು ಕರಗಿ ಉಸಿರಿನಷ್ಟು ತೆಳ್ಳಗಾಯಿತು. ಗಾಜಿನ ಬಾಗಿಲಾಚೆ ಯಾರು ಹಾದುಹೋದರೂ ಎದ್ದು ನಿಂತಳು. ನಾಲ್ಕೂಕಾಲು. ನಾಲ್ಕೂವರೆ. ಬರಲಿಲ್ಲ.

'ಬರೋದಿಲ್ಲ. ಯಾಕೆ ಬರಬೇಕು? ಬಂದವರನ್ನ ನಾನೇ ಕಳಿಸಿದೆನಲ್ಲ...'

ನಾಲ್ಕೂ ಮುಕ್ಕಾಲಿಗೆ ಬಾಗಿಲು ತೆರೆಯಿತು. ಬೂದು ಅಂಗಿ, ಕೈಯಲ್ಲಿ ರಿಪೇರಿಯ ಚೀಲ. ಬಾಗಿಲ ಹತ್ತಿರ ತಲೆ ಬಗ್ಗಿಸಿ ಒಳಗೆ ಬಂದವನು ಅವಳನ್ನು ಕಂಡು ಹಾಗೇ ನಿಂತ.

"ಇಲ್ಲಿ... ಯಾರೋ ಐದು ವರ್ಷದಿಂದ ಸಿಕ್ಕಾಕೊಂಡಿದಾರೆ ಅಂದ್ರು."

"ನಾನೇ."

ಯಜಮಾನರು ಇಬ್ಬರ ಮುಖ ನೋಡಿದರು. "ನಾನು ಹೋಗಿ ನನ್ನ ಕನ್ನಡಕ ಹುಡುಕ್ಕೊಂಡು ಬರ್ತೀನಿ," ಎಂದರು. ಕನ್ನಡಕ ಮೂಗಿನ ಮೇಲೇ ಇತ್ತು. ಆದರೂ ಹೊರಗೆ ಹೋದರು.

ಅವಳು ಪರದೆಯನ್ನು ಅವನ ಕಡೆ ತಿರುಗಿಸಿದಳು. ಏಳನೇ ಹೋಲ್ ತೆರೆದೇ ಇತ್ತು.

"ನಂಗೆ ಇದು ಕಾಣಿಸಿರಲಿಲ್ಲ. ನನ್ನ ಕಂಪ್ಯೂಟರ್ ಅಪ್ಪಂದು. ಅದರಲ್ಲಿ ಸಣ್ಣಪುಟ್ಟದ್ದು ಯಾವುದೂ ಬರಲ್ಲ. ಬೆಂಚಿಲ್ಲ, ಎಲೆ ಇಲ್ಲ, ಬಿಸಿಲಿಲ್ಲ. ನಾನು ನೋಡಿ ಬೇಡ ಅಂದಿದ್ದಲ್ಲ... ಕುರುಡಿ ಥರ ಅಂಕ ಕೊಟ್ಟೆ."

ಅವನು ಪರದೆಯ ಹತ್ತಿರ ಬಂದು ಬೆಂಚನ್ನೇ ನೋಡಿದ.

"ಹಾಗಾದ್ರೆ ಚೆಂಡು ಬಡಿದಿದ್ದು..."

"ಬೆಂಚಿಗೆ."

"ನಿಮ್ಮ ಚೆಂಡು ಯಾವಾಗ್ಲೂ ಎಡಕ್ಕೆ ಸರಿಯುತ್ತೆ ಅಂತ ನೀವೇ ಒಂದ್ಸಲ ಬರೆದಿದ್ರಿ. ಅದಕ್ಕೇ ಎಡಕ್ಕೆ ಹಾಕಿದೆ. ಮೂರು ಸಲವೂ ಸರಿಯಾಗಿ ಅಲ್ಲಿಗೇ ಬಂದಿದೆ, ನೋಡಿ." ಅವನ ಮುಖದಲ್ಲಿ ನಗು ಮೂಡಲೋ ಬೇಡವೋ ಎಂದು ಹಿಂಜರಿಯಿತು. "ನಾಲ್ಕು ಸಾವಿರ ಮರ. ಒಂದೊಂದಾಗಿ ನೆಟ್ಟಿದ್ದು. ಲಿಫ್ಟ್ ಇಳಿಯೋ ಗುಂಡಿ ಒಳಗೆ ದಿನವಿಡೀ ಒಬ್ಬನೇ ಇರ್ತೀನಿ. ಮನೆಗೆ ಬಂದ್ರೂ ಒಬ್ಬನೇ. ನಿಮ್ಮ ವಿಮರ್ಶೆ ಓದ್ತಿದ್ರೆ ಯಾರೋ ಪಕ್ಕದಲ್ಲಿ ಕೂತು ಗೊಣಗ್ತಿದಾರೆ ಅನ್ಸೋದು. ಅದೊಂದು ಸುಖ."

"ನನ್ನ ಗೊಣಗಾಟ ಸುಖ ಅಂದವರು ನೀವೊಬ್ರೇ."

"ಮೂರು ಅಂಕ ಕೊಟ್ಟಾಗ್ಲೂ ಎರಡು ಸಲ ಓದಿದೆ."

ಅವಳು ಗಡಿಯಾರ ನೋಡಿದಳು. ಐದಕ್ಕೆ ಆರು ನಿಮಿಷ.

"ಅಳಿಸಬೇಡಿ. ನಂಗಾಗಿ ಕಟ್ಟಿದ್ದು ಅಂದ್ರಲ್ಲ... ನನ್ನದನ್ನ ನನ್ನ ಕೇಳದೆ ಅಳಿಸಬೇಡಿ."

ಅವನು ಚೀಲ ಕೆಳಗಿಟ್ಟು ಕೀಲಿಮಣೆಯ ಮುಂದೆ ಬಗ್ಗಿದ.  ಗುಪ್ತಪದ ಎರಡು ಸಲ ತಪ್ಪಿತು. ಮೂರನೇ ಸಲ ಒಳಗೆ ಹೋಗಿ ಐದು ಗಂಟೆಗೆ ಅಳಿಸುವ ಆಜ್ಞೆಯನ್ನು ರದ್ದು ಮಾಡಿದ. ಅಷ್ಟರಲ್ಲಿ ಉಳಿದಿದ್ದದ್ದು ಎರಡೇ ನಿಮಿಷ. ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು. ಆ ಗಾಳಿಗೆ ಪಕ್ಕದ ಬೀದಿಯಲ್ಲಿ ಯಾರದೋ ಛತ್ರಿ ಮಗುಚಿತು ಎಂದರೆ ನಂಬಲೇಬೇಕು.

ಆಮೇಲೆ ಏನು ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಒಂಟಿಯಾಗಿದ್ದವರಿಗೆ ಜೊತೆ ಸಿಕ್ಕ ಮೊದಲ ಹತ್ತು ನಿಮಿಷ ಬಲು ಕಷ್ಟದ್ದು.

ಅವಳೇ ಇನ್ನೊಂದು ಕುರ್ಚಿ ಎಳೆದಳು. ತನ್ನ ಬಲಕ್ಕೆ ಹಾಕಿದಳು.

"ನಿಮ್ಮ ಕಡೆ ಇದು. ಎಡಗಡೆ ನಂದು, ಕತ್ತರಿ ಗುರುತು ಇದೆ."

ಅವನು ಕೂತ. ಅವಳು ಹೊಸ ಆಟ ಒತ್ತಿದಳು. ಆಡುವವರು ಎಷ್ಟು ಜನ ಎಂದು ಪರದೆ ಕೇಳಿತು. ಅಭ್ಯಾಸಬಲದಿಂದ ಬೆರಳು ಎರಡರ ಮೇಲೆ ಹೋಯಿತು. ನಿಂತಿತು. ನಿಧಾನವಾಗಿ ಮೂರು ಒತ್ತಿದಳು.

"ಮೂರನೆಯವರು ಯಾರು?"

"ಅಪ್ಪ." ಅವಳ ದನಿ ಸಣ್ಣದಾಯಿತು. "ಇಲ್ಲ ಅವರು. ಆದ್ರೂ ಅವರ ಹೊಡೆತ ನಾನೇ ಹೊಡೀತೀನಿ. ಹುಚ್ಚು ಅನ್ಸುತ್ತಾ?"

ಅವನು ತಲೆ ಅಲ್ಲಾಡಿಸಿದ.

"ಅವರು ಕೂರೋಕೆ ಜಾಗ ಬೇಕಾಗುತ್ತಲ್ಲ. ನಾಳೆ ಬೆಂಚು ಸ್ವಲ್ಪ ಉದ್ದ ಮಾಡ್ತೀನಿ."

ಕಣ್ಣೀರು ಬಂದೇ ಬಂತು. ಈ ಸಲ ಗಾಜಿನ ಪುಡಿಯ ನೆಪ ಹೇಳಲಿಲ್ಲ.

"ನಿಮ್ಮ ಹೊಡೆತ ಮಾತ್ರ ನಾನು ಹೊಡೆಯಲ್ಲ. ನೀವೇ ಬಂದು ಹೊಡೀಬೇಕು. ದಿನಾ."

"ದಿನಾ ಬರ್ತೀನಿ."

"ನಾನು ನಿಧಾನ. ಅಪ್ಪನ ಸರದಿಗೆ ಕಾಯ್ತೀನಿ, ಹೊತ್ತಾಗುತ್ತೆ."

"ಆಗ್ಲಿ ಬಿಡಿ. ನಾನು ಏಳನೇ ಹೋಲ್‌ನಲ್ಲಿ ಕೂತಿರ್ತೀನಿ."